ಆಡುಗಳು ಕಲಿಸಿದ ಲೆಕ್ಕ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಆಡು, ಕುರಿ ಹತ್ತಿರ. ಕಡಲು ಬಲು ದೂರ. ಆದರೆ ಕಡಲಾಳಕ್ಕೆ ಇಳಿದವರು ಜೋಪಾನವಾಗಿ ಮೇಲೆ ಬರುವ ಲೆಕ್ಕವನ್ನು ಮನುಷ್ಯನಿಗೆ ಕಲಿಸಿದ್ದು ಆಡುಗಳೇ.

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆಗ ಉಸಿರಿನ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ, ಮುಚ್ಚಳ ತೆಗೆದ ಸೋಡಾದಂತೆ, ಅದು ಗುಳ್ಳೆಗಳಾಗುತ್ತದೆ. ಕೀಲುನೋವು, ಲಕ್ವ, ಕೆಲವೊಮ್ಮೆ ಸಾವು. ಫ್ರಾನ್ಸಿನ ಪಾಲ್ ಬೇರ್ 1878ರಲ್ಲೇ ಈ ಕಾರಣ ತಿಳಿಸಿದ್ದರು.

ಪರಿಹಾರ ಕೊಟ್ಟವರು ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್. ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರ ತಂದೆ. ಅವರ ತಂಡ ಉಕ್ಕಿನ ಕೋಣೆಯಲ್ಲಿ ಆಡುಗಳನ್ನಿಟ್ಟು ಒತ್ತಡ ಏರಿಸಿ, ಇಳಿಸಿ ನೋಡಿತು. ನೋವಾದ ಆಡು ಕಾಲೆತ್ತಿ ನಿಲ್ಲುತ್ತಿತ್ತು. ಹೀಗೆ 1908ರಲ್ಲಿ, ಹಂತಹಂತವಾಗಿ ತಂಗುತ್ತ ಮೇಲೇರುವ ಕೋಷ್ಟಕ ಪ್ರಕಟವಾಯಿತು. ಮುಂದೆ ಅದು ಹಲವು ಬಾರಿ ಪರಿಷ್ಕರಣೆಗೊಂಡಿತು.

ಅದೇ ದಿನ ಮತ್ತೆ ಮುಳುಗುವವರ ಮೈಯಲ್ಲಿ ಮೊದಲ ಸಲದ ಸಾರಜನಕ ಉಳಿದಿರುತ್ತದೆ. ಹಳೆ ಸಾಲದ ಮೇಲೆ ಹೊಸ ಸಾಲ! ಆದ್ದರಿಂದಲೇ ಎರಡನೆಯ ಸಲ ಆಳದಲ್ಲಿರುವ ಹೊತ್ತು ಕಡಿಮೆ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಈಗ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಅಲ್ಲಿ ಹಲವು ಬಾರಿ ಮುಳುಗಿ, ಅಂದೇ ಚಳ್ಳಕೆರೆಗೆ ಹೊರಡುವವರು ಒಂದು ಮಾತು ನೆನಪಿಡಬೇಕು. ನಮ್ಮ ಊರು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆ. ಘಟ್ಟ ಹತ್ತುವುದೂ ಮೇಲೇರುವುದೇ. ಎಷ್ಟು ಹೊತ್ತು ಕಾಯಬೇಕೆಂದು ತರಬೇತುದಾರರನ್ನು ಕೇಳಿಯೇ ಬಸ್ ಹತ್ತುವುದು ಕ್ಷೇಮ.