ಮಹಾಡ್‌ಗೆ ಹೋದವರು ಆ ಗುಡ್ಡಾನೂ ಹತ್ತಿ



ಮಾರ್ಚ್ 20 ಹತ್ತಿರ ಬಂದ್ರೆ ನಮ್ಮ ಕಡೆಯಿಂದ್ಲೂ ಜನ ಮಹಾಡ್‌ಗೆ ಹೊರಡ್ತಾರೆ. ಚವದಾರ್ ಕೆರೆ ನೋಡ್ತಾರೆ, ಬಾಬಾಸಾಹೇಬರ ಪ್ರತಿಮೆ ಮುಂದೆ ಫೋಟೊ ತೆಗೆಸ್ಕೊಂಡು ವಾಪಸ್ ಬಸ್ ಹತ್ತುತ್ತಾರೆ. ಇನ್ನರ್ಧ ದಿನ ಇಟ್ಕೊಳ್ಳಿ ಅಂತ ಕೇಳ್ಕೊಳ್ಳೋಕೆ ಇದನ್ನ ಬರೀತಿದೀನಿ.

ಊರಿನಿಂದ ಎರಡು-ಮೂರು ಕಿಲೋಮೀಟರ್ ದೂರದಲ್ಲಿ, ಮುಂಬೈ-ಗೋವಾ ಹೆದ್ದಾರಿ ಪಕ್ಕದ ಗುಡ್ಡದಲ್ಲಿ, ಗಂಧಾರಪಾಲೆಯ ಬೌದ್ಧ ಗುಹೆಗಳಿವೆ. ಸುಮಾರು 30 ಗುಹೆ. ಮೆಟ್ಟಿಲು ಹತ್ತಿ ಹೋದ್ರೆ ಭಿಕ್ಷುಗಳು ಮಲಗ್ತಿದ್ದ ಸಣ್ಣ ಕೋಣೆಗಳು, ಕಲ್ಲಿನ ಆಸನಗಳು, ಚೈತ್ಯ, ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳು ಕಾಣುತ್ತವೆ. ಕೆಳಗೆ ಗಾಂಧಾರಿ, ಸಾವಿತ್ರಿ ನದಿಗಳ ಕಣಿವೆ, ಅದರಾಚೆ ಸಹ್ಯಾದ್ರಿಯ ಸಾಲು. ಮೇಲೆ ನಿಂತು ನೋಡಿದ್ರೆ ಮಹಾಡ್ ಊರು ಕಾಲಡಿಯಲ್ಲೇ ಇದೆ ಅನ್ಸುತ್ತೆ.

ಅಲ್ಲೊಂದು ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ ಇದೆ. ಅದರಲ್ಲಿ ಒಬ್ಬ ರಾಜಕುಮಾರ ತನ್ನ ದಾನದ ಲೆಕ್ಕ ಕೊಟ್ಟಿದ್ದಾನೆ. ಒಂದು ಗುಹೆ, ಒಂದು ಚೈತ್ಯ, ಎಂಟು ಕೋಣೆ, ಗುಹೆಯ ಎರಡು ಬದಿಗೆ ಎರಡು ನೀರಿನ ತೊಟ್ಟಿ, ಮತ್ತೆ ಗುಹೆಗೆ ಹೋಗೋ ದಾರಿ. ಸಾವಿರದ ಏಳುನೂರು ವರ್ಷಕ್ಕೂ ಹಿಂದಿನ ಮಾತಿದು. ದಾರಿಯೂ ದಾನ, ನೀರೂ ದಾನ! ಆ ನೀರು ಕುಡಿದದ್ದು ಸಂಘ. ಕ್ಷೌರಿಕ ಉಪಾಲಿಯನ್ನ, ಕಸ ಗುಡಿಸುತ್ತಿದ್ದ ಸುನೀತನನ್ನ ಬುದ್ಧ ಸೇರಿಸಿಕೊಂಡ ಸಂಘ.

ಈಗ ಗುಡ್ಡ ಇಳಿದು ಊರಿಗೆ ಬನ್ನಿ. ಸಾರ್ವಜನಿಕ ಕೆರೆ-ಬಾವಿಗಳು ಎಲ್ಲರಿಗೂ ಸೇರಿದ್ದು ಅಂತ 1923ರಲ್ಲೇ ಎಸ್.ಕೆ. ಬೋಲೆಯವರ ಠರಾವು ಮುಂಬೈ ಶಾಸನಸಭೆಯಲ್ಲಿ ಪಾಸಾಗಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಆದ್ರೆ ಅದು ಕಾಗದದ ಮೇಲಷ್ಟೇ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಹಿಂದೆ ಸಾವಿರಾರು ಜನ ಹೋಗಿ ಆ ಕೆರೆಯ ನೀರು ಕುಡಿದರು. ದನ-ಕರು ಕುಡಿದ್ರೆ ಮೈಲಿಗೆ ಆಗದ ನೀರು ಮನುಷ್ಯರು ಕುಡಿದಿದ್ದಕ್ಕೆ ಮೈಲಿಗೆ ಆಯ್ತು. ನಮ್ಮವರಿಗೆ ಹೊಡೆದರು. ಆಮೇಲೆ ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಗಡಿಗೆ ಸುರಿದು ಕೆರೆಯನ್ನ 'ಶುದ್ಧ' ಮಾಡಿದರು.

ಕೋರ್ಟಿಗೂ ಹೋದರು. ಅಲ್ಲಿ ಅವರ ವಾದ ಏನು ಗೊತ್ತಾ? ಅಸ್ಪೃಶ್ಯರು ಈ ಕೆರೆ ಮುಟ್ಟದೇ ಇರೋದು ಅನಾದಿ ಕಾಲದ ರೂಢಿಯಂತೆ! ಹತ್ತು ವರ್ಷ ಕೇಸು ನಡೀತು. 1937ರ ಮಾರ್ಚ್ 17ಕ್ಕೆ ಮುಂಬೈ ಹೈಕೋರ್ಟ್ ತೀರ್ಪು ಕೊಟ್ಟಿತು: ರೂಢಿ ಅನಾದಿ ಅನ್ನೋದು ಸಾಬೀತಾಗಿಲ್ಲ. ನಾವು ಗೆದ್ದೆವು.

'ಇದು ಮೊದಲಿನಿಂದ ಬಂದದ್ದು' ಅನ್ನೋ ಮಾತು ಇವತ್ತಿಗೂ ಕೇಳ್ತಾನೇ ಇದೀವಿ. ಹೋಟೆಲಿನ ಬೇರೆ ಲೋಟಕ್ಕೆ, ಊರಿನ ಬಾವಿಗೆ, ದೇವಸ್ಥಾನದ ಬಾಗಿಲಿಗೆ, ಎಲ್ಲದಕ್ಕೂ ಅದೇ ಉತ್ತರ. ಯಾವ ಮೊದಲು, ಸ್ವಾಮಿ? ಅದೇ ಊರಿನ ನೆತ್ತಿ ಮೇಲೆ ಇನ್ನೊಂದು ಮೊದಲು ಕಲ್ಲಲ್ಲಿ ಬರೆದು ಕೂತಿದೆ.

ನಮ್ಮ ನೆಲದಲ್ಲೂ ಇದೆ. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿ ಐದು ಹೆಡೆಯ ನಾಗರಕಲ್ಲು ನೋಡಿದೀರಾ? ಅದರ ಮೇಲಿನ ಪ್ರಾಕೃತ ಶಾಸನದಲ್ಲಿ ಶಿವಸ್ಕಂದನಾಗಶ್ರೀ ಎಂಬ ರಾಜಕುಮಾರಿ ಮೂರು ದಾನ ಹೇಳ್ತಾಳೆ: ನಾಗ, ಕೆರೆ, ವಿಹಾರ. ಅಲ್ಲೂ ವಿಹಾರದ ಜೊತೆಗೆ ನೀರು.

ಬಾಬಾಸಾಹೇಬರಿಗೆ ಈ ನಂಟು ಗೊತ್ತಿತ್ತು. ಮಹಾಡ್ ಬಳಿಯ ಬೌದ್ಧ ಗುಹೆಗಳನ್ನ ಅವರು ಸಂಗಡಿಗರ ಜೊತೆ ನೋಡಿದ್ದನ್ನ ಧನಂಜಯ ಕೀರ್ ಬರೆದಿದ್ದಾರೆ. ಭಿಕ್ಷುಗಳು ಕೂತಿದ್ದಿರಬಹುದಾದ ಕಲ್ಲಿನ ಆಸನಗಳ ಮೇಲೆ ಯಾರೂ ಕೂರಬೇಡಿ ಅಂದರಂತೆ. ಧಮ್ಮ ಸ್ವೀಕಾರಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು ಆಗ.

ಅದಕ್ಕೇ ಹೇಳೋದು, ಮೊದಲು ಗುಡ್ಡ, ಆಮೇಲೆ ಕೆರೆ. ಮಾರ್ಚ್ ಬಿಸಿಲು ಜೋರು, ಬೆಳಗಿನ ಹೊತ್ತೇ ಹತ್ತಿ, ಕುಡಿಯೋ ನೀರು ತಗೊಂಡ್ಹೋಗಿ. ಗೋಡೆ ಮೇಲೆ ಹೆಸರು ಕೆತ್ತಬೇಡಿ, ಆಸನಗಳ ಮೇಲೆ ಕೂರಬೇಡಿ. ಮಕ್ಕಳಿದ್ರೆ ಆ ಎರಡು ತೊಟ್ಟಿ ತೋರಿಸಿ, ಕಥೆ ಪೂರ್ತಿ ಹೇಳಿ.

ಜೈಭೀಮ್. ನಮೋ ಬುದ್ಧಾಯ.