ಜೇನು-ನಿಂಬೆ ಚಹಾ ಮತ್ತು ಹನ್ನೆರಡು ನಾವಿಕರು



ಇಂಗ್ಲೆಂಡಿನಲ್ಲಿ ನವೆಂಬರ್ ಬಂತೆಂದರೆ ನಮ್ಮವರ ಮನೆಗಳಲ್ಲೆಲ್ಲ ಒಂದೇ ಘಮ: ಜಜ್ಜಿದ ಶುಂಠಿ, ನಿಂಬೆಹಣ್ಣು, ಜೇನುತುಪ್ಪ. ನೆಗಡಿ ಎಂದು ಡಾಕ್ಟರ ಬಳಿ ಹೋದರೆ ಅವರೂ "ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿಯಿರಿ" ಎಂದು ಹೇಳಿ ಕಳಿಸುತ್ತಾರೆ. ಇದನ್ನು ಕೇಳಲು ಸಮುದ್ರ ದಾಟಿ ಬರಬೇಕಿತ್ತೇ ಎಂದು ನಾವು ನಗುವುದುಂಟು. ಆದರೆ ಆ ಲೋಟದ ನಿಂಬೆಹುಳಿಗೆ ಇದೇ ನಾಡಿನಲ್ಲೊಂದು ಕತೆಯಿದೆ. ಗೊತ್ತಿದ್ದನ್ನು ಕೈಬಿಟ್ಟು ಸಾವಿರಾರು ಜನರನ್ನು ಕಳೆದುಕೊಂಡ ಕತೆ ಅದು.

ಹಾಯಿಹಡಗುಗಳ ಕಾಲದಲ್ಲಿ ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪುಮಾಂಸ ತಿಂದ ನಾವಿಕರಿಗೆ ವಸಡು ಊದಿ ರಕ್ತ ಒಸರುತ್ತಿತ್ತು. ಹಲ್ಲು ಉದುರುತ್ತಿದ್ದವು, ಎಂದೋ ಮಾಯ್ದ ಗಾಯಗಳು ಮತ್ತೆ ಬಾಯಿಬಿಡುತ್ತಿದ್ದವು. ಇದೇ ಸ್ಕರ್ವಿ. 1601ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಯಾನ ಹೊರಟಾಗ ನಾಯಕ ಜೇಮ್ಸ್ ಲ್ಯಾಂಕಾಸ್ಟರ್ ತನ್ನ ಹಡಗಿನವರಿಗೆ ದಿನಾ ಬೆಳಿಗ್ಗೆ ಮೂರು ಚಮಚ ನಿಂಬೆರಸ ಕುಡಿಸಿದ. ಅವರು ಗಟ್ಟಿಯಾಗಿ ಉಳಿದರು. ಜೊತೆಯ ಹಡಗುಗಳಲ್ಲಿ ಹಾಯಿ ಎಳೆಯಲೂ ಆಳುಗಳು ಸಾಲದಾದರು. ಇಷ್ಟು ಕಣ್ಣಾರೆ ಕಂಡರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ನಿಯಮ ಮಾಡಿದ್ದು 1795ರಲ್ಲಿ. ನಮ್ಮೂರ ಕಚೇರಿಗಳ ನಿಧಾನವನ್ನು ಬೈಯುವವರು ಗಮನಿಸಬೇಕು!

ನಡುವೆ 1747ರ ಮೇ ತಿಂಗಳಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 'ಸಾಲಿಸ್‌ಬರಿ' ನೌಕೆಯಲ್ಲಿ ಹನ್ನೆರಡು ರೋಗಿಗಳನ್ನು ಎರಡೆರಡು ಜನರ ಆರು ಜೋಡಿ ಮಾಡಿದ. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ವಿನಿಗರ್, ಇನ್ನೊಂದಕ್ಕೆ, ಪಾಪ, ಸಮುದ್ರದ ನೀರು. ಎರಡು ಕಿತ್ತಳೆ, ಒಂದು ನಿಂಬೆ ದಿನವೂ ಸಿಕ್ಕ ಜೋಡಿಯಲ್ಲಿ ಒಬ್ಬ ಆರೇ ದಿನದಲ್ಲಿ ಕೆಲಸಕ್ಕೆ ಎದ್ದ. ಆಮೇಲೆ ಲಿಂಡ್ ಎಡವಿದ್ದು ಪಾತ್ರೆಯ ಮುಂದೆ. ರಸ ಕೆಡದಿರಲೆಂದು ಅದನ್ನು ಗಂಟೆಗಟ್ಟಲೆ ಕಾಯಿಸಿ ಪಾಕ ಮಾಡಲು ಹೇಳಿದ. ಗುಣವೆಲ್ಲ ಬೆಂಕಿಗೆ ಹೋಯಿತು.

ಎರಡನೆಯ ಎಡವಟ್ಟು 1860ರ ದಶಕದ್ದು. ಮೆಡಿಟರೇನಿಯನ್ ತೀರದ ದೊಡ್ಡ ನಿಂಬೆಯನ್ನು ಬಿಟ್ಟು, ತಮ್ಮದೇ ವಸಾಹತಾದ ವೆಸ್ಟ್ ಇಂಡೀಸಿನ ಹಸಿರು ಲೈಮ್ ತರಿಸಿದರು. ಹುಳಿ ಎಂದರೆ ಹುಳಿಯೇ ತಾನೇ ಎಂಬ ಲೆಕ್ಕ! ಅದರಲ್ಲಿ ಸತ್ವ ಬಹಳ ಕಡಿಮೆ. 1875ರಲ್ಲಿ ಉತ್ತರ ಧ್ರುವದತ್ತ ಹೊರಟ ನೇರ್ಸ್ ತಂಡ ಸ್ಕರ್ವಿಯಿಂದ ಕಂಗೆಟ್ಟು ಮರುವರ್ಷವೇ ಹಿಂದಿರುಗಿತು. ನಿಂಬೆಯನ್ನೇ ಅನುಮಾನಿಸುವ ಪಂಡಿತರು ಹುಟ್ಟಿಕೊಂಡರು. 1928ರಲ್ಲಿ ಹಂಗೇರಿಯ ಸೆಂಟ್-ಗ್ಯೋರ್ಗಿ ಬೇರ್ಪಡಿಸಿದ ವಸ್ತುವೇ ವಿಟಮಿನ್ 'ಸಿ' ಎಂದು 1932ರ ಹೊತ್ತಿಗೆ ಖಚಿತವಾದ ಮೇಲೆಯೇ ಗೊಂದಲ ತೀರಿದ್ದು.

ಈಗ ನಮ್ಮ ಲೋಟಕ್ಕೆ ಬರೋಣ. ಒಂದು ನಿಂಬೆಯ ರಸದಲ್ಲಿ ಸುಮಾರು 20 ಮಿಲಿಗ್ರಾಂ 'ಸಿ' ಇರುತ್ತದೆ. ದಿನಕ್ಕೆ 10 ಮಿಲಿಗ್ರಾಂ ಸಿಕ್ಕರೂ ಸ್ಕರ್ವಿ ಹತ್ತಿರ ಸುಳಿಯದು. ಅರ್ಧ ಹೋಳಿನಲ್ಲಿ ಒಂದು ಜೀವ! ಆದರೆ ಇದು ನೆಗಡಿ ಬಾರದಂತೆ ತಡೆಯುತ್ತದೆ ಎಂದು ನಾವು ಹೇಳಲಾರೆವು. ಕೆಮ್ಮಿಗೆ ಹಿತ ಕೊಡುವುದು ಜೇನು. ಇಲ್ಲಿನ ಆರೋಗ್ಯ ಮಾರ್ಗಸೂಚಿಯೇ 2018ರಲ್ಲಿ ಅದನ್ನು ಸೂಚಿಸಿತು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಖಂಡಿತ ಬೇಡ. ಸಕ್ಕರೆ ಕಾಯಿಲೆಯವರು ಅಳತೆ ನೋಡಿಕೊಳ್ಳಲಿ.

ಮಾಡುವುದು ಸುಲಭ. ಎರಡು ಲೋಟ ನೀರಿಗೆ ಬೆರಳುಗಾತ್ರದ ಶುಂಠಿ ಜಜ್ಜಿ ಹಾಕಿ ಐದು ನಿಮಿಷ ಕುದಿಸಿ. ಇಳಿಸಿ, ಚಿಟಿಕೆ ಚಹಾಪುಡಿ ಹಾಕಿ ಮುಚ್ಚಿಟ್ಟು, ಸೋಸಿ. ಲೋಟ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಅರ್ಧ ನಿಂಬೆ ಹಿಂಡಿ, ಒಂದು ಚಮಚ ಜೇನು ಕಲಸಿ. ಕಾದ ಜೇನು ಸಲ್ಲದೆಂದು ಚರಕಸಂಹಿತೆಯೂ ಹೇಳುತ್ತದೆ, ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಲಿಂಡ್ ಸಾಹೇಬರ ಪಾಕ ನೆನೆದರೆ ನಿಂಬೆಗೂ ಅದೇ ಮಾತು ಒಪ್ಪುತ್ತದೆ. ಎರಡು ನಿಮಿಷದ ಬಿಸಿಗೆ ಎಲ್ಲವೂ ಹಾಳಾಗದು, ನಿಜ. ಒಲೆಯ ಮೇಲಿಟ್ಟು ಮರೆಯಬಾರದು, ಅಷ್ಟೇ.

ಚಹಾಪುಡಿ ಬೇಕೋ ಬೇಡವೋ ಎಂಬುದರಲ್ಲಿ ನಮ್ಮ ಬಳಗದಲ್ಲೇ ಎರಡು ಪಕ್ಷಗಳಿವೆ. ಮುಂದಿನ ಕೂಟಕ್ಕೆ ಎರಡೂ ಫ್ಲಾಸ್ಕ್ ಬರಲಿವೆ.