ಕೋಗಳಿ: ಬಸದಿಯ ಸುತ್ತಲಿನ ನೆಲ

ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಳ್ಳಿಯಾಗಿರುವ ಕೋಗಳಿ ಒಂದು ಕಾಲಕ್ಕೆ ಕೋಗಳಿ-500 ಎಂಬ ಆಡಳಿತ ನಾಡಿನ ಕೇಂದ್ರ. ಇಲ್ಲಿಯ ಬಸದಿಯನ್ನು ಕಟ್ಟಿಸಿದವನು ಗಂಗ ದೊರೆ ದುರ್ವಿನೀತ ಎಂದು ಹೇಳುವ ಶಾಸನ ಅವನ ಕಾಲದ್ದಲ್ಲ. ಅದು 1055ರದು, ಚಾಲುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆಯದು. ಆ ವರ್ಷ ಜೈನ ಆಚಾರ್ಯ ಇಂದ್ರಕೀರ್ತಿ ಬಸದಿಗೆ ದಾನ ಕೊಟ್ಟಾಗ, ಸುಮಾರು ಐದು ಶತಮಾನ ಹಿಂದಿನ ದೊರೆಯ ಹೆಸರು ಊರಿನ ನೆನಪಿನಲ್ಲಿ ಇನ್ನೂ ಉಳಿದಿತ್ತು! 1276ರಲ್ಲಿ ಹೊಯ್ಸಳ ರಾಮನಾಥ ಇಲ್ಲಿಯ ಜಿನ ಚೆನ್ನಪಾರ್ಶ್ವನಿಗೆ ಚಿನ್ನದ ದಾನವಿತ್ತ.

ದಾನ ಕೊಟ್ಟವರನ್ನು ಶಾಸನ ಹೆಸರಿಸುತ್ತದೆ. ಆದರೆ ಮುನಿಗಳು ಎಲ್ಲಿ ತಂಗಿದರು, ಶಿಷ್ಯರು ಎಲ್ಲಿ ಕುಳಿತು ಓದಿದರು, ನೀರು ಎಲ್ಲಿಂದ ಬಂತು ಎಂಬುದಕ್ಕೆ ಮಣ್ಣೇ ಸಾಕ್ಷಿ. ಮರದ ಕಂಬ ಕೊಳೆತುಹೋದರೂ ಅದು ನಿಂತಿದ್ದ ಗುಳಿ ಬೇರೆ ಬಣ್ಣದ ಮಣ್ಣಾಗಿ ಕಾಣುತ್ತದೆ. ಗಾರೆ ನೆಲ, ಬೂದಿಯ ಪದರ, ಮಡಕೆಯ ಚೂರು ಇದ್ದ ಜಾಗದಲ್ಲೇ ಇದ್ದರೆ ಮಾತ್ರ ಅವುಗಳ ಕಾಲ, ಬಳಕೆ ತಿಳಿಯುತ್ತವೆ. ಜೆಸಿಬಿ ಒಮ್ಮೆ ಬಗೆದರೆ ಆ ಪದರಗಳನ್ನು ಮತ್ತೆ ಜೋಡಿಸಲಾಗದು.

ಹಾಗಾಗಿ ಹೊಸದನ್ನು ಕಟ್ಟುವ ಮೊದಲು ಎಚ್ಚರದಿಂದ ಅಗೆದು ನೋಡಬೇಕು; ಇದು ನಮ್ಮ ದೇಶಕ್ಕೆ ಹೊಸದಲ್ಲ. ಆಂಧ್ರದ ನಾಗಾರ್ಜುನಕೊಂಡ ಕಣಿವೆ ಅಣೆಕಟ್ಟೆಯ ನೀರಿನಲ್ಲಿ ಮುಳುಗುವ ಮುನ್ನ, 1954ರಿಂದ 1960ರವರೆಗೆ, ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಲ್ಲಿ ಉತ್ಖನನ ನಡೆಸಿ ಹಲವು ಬೌದ್ಧ ವಿಹಾರಗಳನ್ನು ಬೆಳಕಿಗೆ ತಂದಿತು. ಬಸದಿಯ ಸುತ್ತಲಿನ ನೆಲಕ್ಕೂ ಅಂಥದೇ ಕಾಳಜಿ ಸಲ್ಲಬೇಕು.

ಊರಿನವರಲ್ಲಿ ವಿನಂತಿ: ಮನೆಯ ಪಾಯ, ಚರಂಡಿ, ಪೈಪಿನ ಕಾಲುವೆ ತೋಡುವಾಗ ಕೆತ್ತಿದ ಕಲ್ಲು, ಅಕ್ಷರವಿರುವ ಕಲ್ಲು, ಹಳೆಯ ಇಟ್ಟಿಗೆಯ ಸಾಲು ಕಂಡರೆ ಕೆಲಸ ನಿಲ್ಲಿಸಿ. ಕಲ್ಲನ್ನು ಎತ್ತಬೇಡಿ, ತೊಳೆಯಬೇಡಿ. ಗ್ರಾಮ ಪಂಚಾಯಿತಿಗೆ ಅಥವಾ ತಹಶೀಲ್ದಾರರ ಕಚೇರಿಗೆ ಕೂಡಲೇ ತಿಳಿಸಿ.